ಕಳ್ಳ ಕುಬಸಕ್ಕೆ ಹದಿನೇಳು ಮಂದಿ

ನಾಸಿಕದಲ್ಲಿರುವ ನಮ್ಮ ಬೀದರ ಕಡೆಯ ಮಂದಿಯಲ್ಲಿ ನನಗೆ ಎರಡು ಹೆಸರಿವೆ. ಒಂದು ಕಡಕ್ ರೊಟ್ಟಿ ಪಾರ್ವತಿಬಾಯಿ. ಇಪ್ಪತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಿದ್ದೇನೆ, ಆ ಹೆಸರು ನನ್ನ ಕೈಯಾರೆ ಗಳಿಸಿದ್ದು. ಇನ್ನೊಂದು ಕಳ್ಳ ಕುಬಸದ ಪಾರ್ವತಿಬಾಯಿ, ಅದನ್ನು ನನ್ನ ಬೆನ್ನ ಹಿಂದೆ ಹೇಳಿ ನಗುತ್ತಾರೆ. ಅದು ಹೋದ ವರ್ಷ ಫೆಬ್ರವರಿಯಲ್ಲಿ ಒಂದೇ ದಿನದಲ್ಲಿ ಬಂದದ್ದು. ನಗಲಿ ಬಿಡಿ, ನಾನೂ ನಗುತ್ತೇನೆ. ಆದರೆ ಒಬ್ಬೊಬ್ಬರು ಒಂದೊಂದು ಥರ ಉಪ್ಪು ಖಾರ ಹಚ್ಚಿ ಹೇಳುತ್ತಿರುವುದರಿಂದ, ತಪ್ಪು ಮಾಡಿದವಳೇ ಬಾಯಿಬಿಟ್ಟು ಹೇಳುವುದು ವಾಸಿ. ಅಷ್ಟಕ್ಕೂ ಇದು ನನ್ನ ಕಥೆಯಲ್ಲ, ನನ್ನ ಸೊಸೆ ವೈಷ್ಣವಿಯದು.

ವೈಷ್ಣವಿ ಐದಡಿಯೂ ಇಲ್ಲ. ಅವಳಿಗೆ ನಡೆಯುವುದು ಗೊತ್ತಿಲ್ಲ, ಓಡುವುದೊಂದೇ ಗೊತ್ತು. ಊಟ ನಿಂತುಕೊಂಡೇ, ಓದು ಒಲೆಯ ಮುಂದೆಯೇ. ರೊಟ್ಟಿ ಬಡಿಯುತ್ತಿರುವ ನನ್ನ ಕೈ ಹಿಡಿದು ಒಂದೊಂದೇ ಎಲುಬಿನ ಹೆಸರು ಹೇಳುತ್ತಾಳೆ, ಅಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸುಟ್ಟಿರುತ್ತದೆ. ಹುಟ್ಟಿ ಬೆಳೆದದ್ದೆಲ್ಲ ಸಂಭಾಜಿನಗರದಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಬೇಕಾದಾಗ ಮಾತ್ರ ಕನ್ನಡ ಹೊರಗೆ ಬರುತ್ತಿತ್ತು, ಅದೂ ಜಗಳಕ್ಕೆ.

ಅವಳು ಏಳು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ಸಾಕಿದವರು ತಂದೆ ವಿಶ್ವನಾಥಪ್ಪ. ಅವರು ಮೂವತ್ತು ವರ್ಷದಿಂದ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಡಾಕ್ಟರುಗಳ ಅಕ್ಷರ ಓದುತ್ತಿರುವ ಮನುಷ್ಯ. ಯಾರಿಗೂ ಅರ್ಥವಾಗದ ಚೀಟಿ ಅವರಿಗೆ ಅರ್ಥವಾಗುತ್ತದೆ. ಅವರಿಗೆ ಇದ್ದದ್ದು ಒಂದೇ ಆಸೆ: ನಿವೃತ್ತಿಯಾಗುವುದರೊಳಗೆ ಮಗಳು ಬರೆದ ಒಂದು ಚೀಟಿ ಆ ಕೌಂಟರಿಗೆ ಬರಬೇಕು. ಗಿರಾಕಿಗಳಿಗೆಲ್ಲ ಇದನ್ನು ಹೇಳುತ್ತಿದ್ದರು, ಕೆಮ್ಮಿನ ಔಷಧಿಗೆ ಬಂದವರಿಗೂ ಬಿಡುತ್ತಿರಲಿಲ್ಲ.

ನನ್ನ ಮಗ ಶಿವಕಾಂತನೂ ವೈಷ್ಣವಿಯೂ ಸಿಕ್ಕಿದ್ದು ಲಾತೂರಿನ ಕೋಚಿಂಗ್ ಕ್ಲಾಸಿನಲ್ಲಿ. ಅವಳಿಗೆ ಮೊದಲ ಸಲಕ್ಕೇ ಸಂಭಾಜಿನಗರದಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತು. ನಮ್ಮವನಿಗೆ ಎರಡನೇ ಸಲಕ್ಕೆ ನಾಸಿಕದಲ್ಲಿ. ಹಾಗಾಗಿ ವಯಸ್ಸಿನಲ್ಲಿ ಇಬ್ಬರೂ ಸಮ, ಓದಿನಲ್ಲಿ ಅವಳು ಒಂದು ವರ್ಷ ಮುಂದೆ. ವಿಷಯ ಎರಡೂ ಮನೆಗೆ ಗೊತ್ತಾಯಿತು, ಮನೆಗಿಂತ ಮೊದಲು ನಮ್ಮ ಮಂದಿಗೆ ಗೊತ್ತಾಗಿತ್ತು. ಎಲ್ಲರ ಬಾಯಿ ಮುಚ್ಚಿಸಲು ಓದು ಮುಗಿಯುವ ಮೊದಲೇ ಮದುವೆ ಮಾಡುವುದೆಂದು ಮಾತುಕತೆಗೆ ಕೂತೆವು. ವಿಶ್ವನಾಥಪ್ಪ ಕೊಡುವುದು ಬಿಡುವುದು ಏನನ್ನೂ ಮಾತಾಡಲಿಲ್ಲ. ಒಂದೇ ಮಾತು ಕೇಳಿದರು.

"ಅಕ್ಕಾರ, ನನ್ನ ಮಗಳ ಓದು ನಿಮ್ಮ ಮನಿ ಸಲುವಾಗಿ ಒಂದ್ ದಿನಾನೂ ನಿಂದ್ರಬಾರ್ದು. ಅಷ್ಟ ಮಾತು ಕೊಡ್ರಿ."

"ನಿಂದ್ರಂಗಿಲ್ರಿ ಬೀಗರ," ಎಂದು ಎದೆಯ ಮೇಲಿನ ಲಿಂಗ ಮುಟ್ಟಿ ಹೇಳಿದೆ. ಮದುವೆಯಾದ ಮೇಲೂ ಅವಳು ಅಲ್ಲಿಯೇ ತಂದೆಯ ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದಳು, ಇವನು ಇಲ್ಲಿ. ರಜೆ ಸಿಕ್ಕಾಗ ಒಬ್ಬರು ಇನ್ನೊಬ್ಬರ ಊರಿಗೆ ಬಸ್ಸು ಹತ್ತುತ್ತಿದ್ದರು.

ಈಗ ಹೋದ ವರ್ಷದ ಫೆಬ್ರವರಿಗೆ ಬನ್ನಿ. ವೈಷ್ಣವಿಯ ಮೂರನೇ ವರ್ಷದ ಪರೀಕ್ಷೆ ಮುಗಿದಿತ್ತು, ಮುಂದೆ ಫೈನಲ್. ನಾಲ್ಕು ದಿನಕ್ಕೆಂದು ನಾಸಿಕಕ್ಕೆ ಬಂದಿದ್ದಳು. ನಮ್ಮ ಮನೆಯವರು ರೇವಣಪ್ಪ ದಿಂಡೋರಿಯ ಒಂದು ವೈನರಿಯಲ್ಲಿ ಸ್ಟೋರ್‌ಕೀಪರ್. ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ, ಆದರೆ ಮನೆಗೆ ದ್ರಾಕ್ಷಿಗೆ ಬರವಿಲ್ಲ. ಅವತ್ತು ನಿಫಾಡದ ಗೆಳೆಯನೊಬ್ಬನ ತೋಟದಿಂದ ಇನ್ನೂ ಸರಿಯಾಗಿ ಹಣ್ಣಾಗದ ಒಂದು ಬುಟ್ಟಿ ದ್ರಾಕ್ಷಿ ತಂದಿದ್ದರು. ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ವೈಷ್ಣವಿ ಉಪ್ಪು ಖಾರ ಉದುರಿಸಿಕೊಂಡು ಅರ್ಧ ಬುಟ್ಟಿ ಖಾಲಿ ಮಾಡಿದಳು! ನಾನು ನೋಡಿದೆ. ಒಂದು ಮಾತೂ ಆಡಲಿಲ್ಲ, ಆದರೆ ನೋಡಿದೆ. ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಮಲಗಿದಳು. ಅದನ್ನೂ ನೋಡಿದೆ.

ಅವಳು ಊರಿಗೆ ಹೋದ ಎರಡು ದಿನಕ್ಕೆ ಶಿವಕಾಂತ ನನ್ನ ಹತ್ತಿರ ಬಂದು, ಕನ್ನಡಕ ಒರೆಸುತ್ತ, ನೆಲ ನೋಡುತ್ತ ಹೇಳಿದ:

"ಅವ್ವಾ, ವೈಷ್ಣವಿ ಕಾಲೇಜಿಗೆ ಒಂದ್ ವರ್ಷ ರಜಾ ಹಾಕ್ಲತ್ತಾಳ. ಈಗ ಯಾರಿಗೂ ಹೇಳಬ್ಯಾಡ. ರವಿವಾರ ನಾವಿಬ್ರೂ ಹೋಗಿ ಪಪ್ಪಾಗ ಹೇಳ್ತೀವಿ."

ಹುಳಿ ದ್ರಾಕ್ಷಿ, ಮಧ್ಯಾಹ್ನದವರೆಗೆ ನಿದ್ದೆ, ಒಂದು ವರ್ಷ ರಜೆ, ಯಾರಿಗೂ ಹೇಳಬೇಡ! ಇದರ ಮೇಲೆ ಇನ್ನೇನು ಬೇಕು ಹೇಳಿ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ. ದೃಷ್ಟಿಯಾಗುತ್ತದೆ. ಅದಕ್ಕೇ ನಾನು ಕೇಳಲಿಲ್ಲ. "ಆತಪಾ, ನಂಗ್ ಎಲ್ಲಾ ತಿಳೀತು," ಎಂದು ಅವನ ಗಲ್ಲ ಹಿಂಡಿದೆ. ಅವನು ಇಷ್ಟು ಸುಲಭಕ್ಕೆ ಅವ್ವ ಒಪ್ಪಿದಳಲ್ಲ ಎಂದು ಬಾಯಿ ತೆರೆದುಕೊಂಡು ನಿಂತ.

ನಮ್ಮ ಕಡೆ ಕಳ್ಳ ಕುಬಸ ಅಂತ ಒಂದಿದೆ. ಬಸುರಿಗೆ ಏಳನೇ ತಿಂಗಳಿಗೆ ಊರೆಲ್ಲ ಕರೆದು ಮಾಡುವ ದೊಡ್ಡ ಕುಬಸ, ಅಂದರೆ ಸೀಮಂತ, ಬೇರೆ. ಇದು ಮೂರನೇ ತಿಂಗಳಿಗೆ, ಸದ್ದಿಲ್ಲದೆ, ಮನೆಯೊಳಗೇ ಹುಡುಗಿಗೆ ಹಸಿರು ಸೀರೆ, ಕುಬಸ, ಹಸಿರು ಬಳೆ ಕೊಟ್ಟು ಉಡಿ ತುಂಬುವುದು. ತಾಯಿಯಿಲ್ಲದ ಹುಡುಗಿ, ಅವಳಿಗೆ ನಾನಲ್ಲದೆ ಯಾರು ಮಾಡಬೇಕು? ಸದ್ದಿಲ್ಲದೆ ಮಾಡಬೇಕೆಂದೇ ನಾದಿನಿ ಗುಂಡವ್ವನಿಗೆ ಒಬ್ಬಳಿಗೇ ಫೋನ್ ಮಾಡಿದೆ. ಗುಂಡವ್ವ ಭಾಲ್ಕಿಯಲ್ಲಿದ್ದಾಳೆ. ಗುಂಡವ್ವನಿಗೆ ಹೇಳಿದರೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಂತೆ ಎನ್ನುವುದು ಆ ಖುಷಿಯಲ್ಲಿ ಮರೆತೇಹೋಯಿತು.

"ಅಯ್ಯ ನಮ್ಮವ್ವ!" ಎಂದು ಅವಳು ಅಲ್ಲಿಂದ ಕೂಗಿದ್ದು ನಮ್ಮ ಅಂಗಳಕ್ಕೆ ಕೇಳಿಸಿತು. ಶನಿವಾರ ಸಂಜೆಗೆ ನಾಲ್ವರನ್ನು ಕಟ್ಟಿಕೊಂಡು ನಾಸಿಕದಲ್ಲಿ ಇಳಿದಳು. ಇಲ್ಲಿಯ ಓಣಿಯವರು ತಾವೂ ಬರುತ್ತೇವೆಂದರು. ರವಿವಾರ ಬೆಳಿಗ್ಗೆ ನೋಡಿದರೆ ಟೆಂಪೋ ಟ್ರಾವೆಲರಿನಲ್ಲಿ ನನ್ನನ್ನೂ ಸೇರಿಸಿ ಹದಿನೇಳು ಹೆಂಗಸರು. ರೇವಣಪ್ಪ ಬಾಗಿಲಲ್ಲಿ ನಿಂತು, "ಒಂದ್ ಮಾತು ಆ ಹುಡುಗೀಗಿ ಕೇಳಿದ್ಯೇನ್?" ಎಂದರು. "ಇದೆಲ್ಲ ಕೇಳೂದಲ್ಲ, ನಿಮಗೇನ್ ಗೊತ್ತಾಗ್ತದ, ಒಳಗ ಹೋಗ್ರಿ," ಎಂದು ಬಾಗಿಲು ಎಳೆದುಕೊಂಡೆ. ಶಿವಕಾಂತ, ಗುಂಡವ್ವ ಸುಮ್ಮನೆ ಬಂದಿದ್ದಾಳೆಂದುಕೊಂಡು, ಅಷ್ಟೊತ್ತಿಗಾಗಲೇ ಮೊದಲ ಬಸ್ಸಿಗೆ ಹೋಗಿದ್ದ.

ನಿಫಾಡ ದಾಟುವವರೆಗೆ ಹಾಡು, ಯೇವಲೆಯವರೆಗೆ ಚುರುಮುರಿ. ಯೇವಲೆಯಲ್ಲಿ ಇಳಿದು ಹಸಿರು ಸೀರೆ ಆರಿಸಿದೆವು. ಹದಿನೇಳು ಮಂದಿಗೆ ಹದಿನೇಳು ಹಸಿರು. ಗುಂಡವ್ವ ಗಿಳಿಹಸಿರು ಎಂದರೆ ನಾನು ಎಲೆಹಸಿರು. ಅಂಗಡಿಯವ ನಮ್ಮನ್ನು ಸಾಗಹಾಕಿದರೆ ಸಾಕೆನ್ನುವ ಹಾಗಾಗಿದ್ದ. ಕೊನೆಗೆ ಎಲೆಹಸಿರೇ ಗೆದ್ದಿತು. ವೈಜಾಪುರ ದಾಟಿದ ಮೇಲೆ, ಆ ಸೀರೆ ತೊಡೆಯ ಮೇಲಿಟ್ಟುಕೊಂಡು ಕೂತಾಗ, ವಿಶ್ವನಾಥಪ್ಪನವರಿಗೆ ಕೊಟ್ಟ ಮಾತು ನೆನಪಾಯಿತು. ಒಂದು ದಿನ ನಿಲ್ಲಬಾರದು ಎಂದಿದ್ದರು, ಈಗ ನಿಲ್ಲುವುದು ಒಂದು ವರ್ಷ. ಗಾಡಿ ತಿರುಗಿಸು ಎನ್ನೋಣವೆಂದರೆ ಹಿಂದೆ ಹದಿನಾರು ಮಂದಿ ಲಾಲಿ ಹಾಡುತ್ತಿದ್ದರು.

ವಿಶ್ವನಾಥಪ್ಪ ಬನಿಯನ್ನಿನಲ್ಲೇ ಬಾಗಿಲು ತೆರೆದರು. ಮೆಟ್ಟಿಲ ತುಂಬ ಹೆಂಗಸರು, ನನ್ನ ಕೈಯಲ್ಲಿ ಹಸಿರು ಸೀರೆ, ಗುಂಡವ್ವನ ತಲೆಯ ಮೇಲೆ ಬುತ್ತಿಯ ಗಂಟು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಗಳು ಮನೆಯಲ್ಲಿರಲಿಲ್ಲ, ದಾರಿಯಲ್ಲಿ ಬಸ್ಸು ಕೆಟ್ಟು ತಡವಾದ ಶಿವಕಾಂತನನ್ನು ಕರೆತರಲು ಸ್ಕೂಟಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಅವರು ಸುಮ್ಮನೆ ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ.

"ಮಾತು ಕೊಟ್ಟಿದ್ರಿ, ಅಕ್ಕಾರ," ಎಂದರು, ನನ್ನ ಕಡೆ ತಿರುಗದೆ.

"ಕೊಟ್ಟಿದ್ದೆ ರೀ. ತಪ್ಪಾಗ್ಯದ."

"ಎಷ್ಟ್ ದಿನ ಬಿಡಬೇಕಾಗ್ತದ?"

"ಒಂದ್ ವರ್ಷ ಅಂತ್ರಿ."

ಗ್ಯಾಸಿನ ಕಟ್ಟೆಯನ್ನು ಒಮ್ಮೆ ಒರೆಸಿದರು. ತಿರುಗಿದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಒಂದ್ ವರ್ಷ ಏನ್ ದೊಡ್ಡದ್ರಿ? ಮನಿಗಿ ಕೂಸ್ ಬರ್ಲತ್ತದ ಅಂದ್ರ ಕಾಲೇಜು ಎಲ್ಲಿ ಓಡಿ ಹೋಗ್ತದ!" ಎಂದವರೇ ಅಂಗಿ ಹಾಕಿಕೊಂಡು, ಮೂಲೆಯ ಅಂಗಡಿಗೆ ಹೋಗಿ ಪೇಢೆಯ ಡಬ್ಬಿ ತಂದರು. ದಾರಿಯಲ್ಲಿ ಹಾಲಿನವನಿಗೂ ಕೊಟ್ಟರಂತೆ.

ಆಗಲೇ ಸ್ಕೂಟಿ ಬಂದು ನಿಂತಿತು. ವೈಷ್ಣವಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರಲ್ಲಿ ಕಾಲೇಜಿನ ರಜೆಯ ಅರ್ಜಿ. ಅಡ್ಮಿಷನ್ ವೇಳೆ ಪಾಲಕರೆಂದು ತಂದೆಯ ಹೆಸರಿತ್ತು, ಹಾಗಾಗಿ ಅವರ ಸಹಿಯೇ ಬೇಕು. ಸೋಮವಾರ ಕೊನೆಯ ದಿನ. ಸಹಿ ಸಿಗದಿದ್ದರೆ ರಜೆಯಿಲ್ಲ. ಹೇಗೆ ಕೇಳಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಹುಡುಗಿಯ ಬಾಯಿಗೆ ತಂದೆ ಹೊಸ್ತಿಲಲ್ಲೇ ಪೇಢೆ ತುರುಕಿದರು.

"ಪಪ್ಪಾ, ತುಮ್ಹಾಲಾ ಕಳಲಂ? ಗೊತ್ತಾತಾ? ಸಿಟ್ಟಿಲ್ಲಾ?"

"ಸಿಟ್ಟ್ ಯಾಕಬೇ? ಒಂದ್ ವರ್ಷ ತೊಗೊ. ಬೇಕಾದ್ರ ಎರಡ್ ತೊಗೊ!"

ವೈಷ್ಣವಿ ಕಿರುಚಿಕೊಂಡು ತಂದೆಯ ಕುತ್ತಿಗೆಗೆ ಜೋತುಬಿದ್ದಳು. ಫೈಲಿನಿಂದ ಅರ್ಜಿ ತೆಗೆದು ಚಾಚಿದಳು. ಅವರು ಅದನ್ನು ಓದಲೇ ಇಲ್ಲ. ಮೂವತ್ತು ವರ್ಷ ಒಂದು ಚೀಟಿಯನ್ನೂ ಓದದೆ ಬಿಡದ ಮನುಷ್ಯ ಗೋಡೆಗೆ ಒತ್ತಿ ಹಿಡಿದು ಟಕ್ಕೆಂದು ಸಹಿ ಹಾಕಿದರು. ಎಲ್ಲರೂ ಅಳುವವರೇ, ಎಲ್ಲರೂ ನಗುವವರೇ. ಶಿವಕಾಂತ ಮಾತ್ರ ಹದಿನೇಳು ಮಂದಿಯನ್ನು ನೋಡಿ, "ಅವ್ವಾ, ಇವ್ರೆಲ್ಲ ಯಾಕ್ ಬಂದಾರ?" ಎಂದು ನನ್ನ ಕಿವಿಯಲ್ಲಿ ಕೇಳಿದ. "ಸುಮ್ಮನ್ ಕೂಡಪಾ," ಎಂದೆ.

ಮಣೆಯ ಮೇಲೆ ವೈಷ್ಣವಿಯನ್ನು ಕೂರಿಸಿದೆವು. ಅವಳು ರಜೆ ಸಿಕ್ಕಿದ ಖುಷಿಯಲ್ಲಿ ಕೂರು ಎಂದರೆ ಕೂತಳು, ಕೈ ಕೊಡು ಎಂದರೆ ಕೊಟ್ಟಳು. ರಜೆ ಹಾಕಿದರೆ ನಮ್ಮ ಕಡೆ ಸೀರೆ ಕೊಡುತ್ತಾರೇನೋ ಎಂದುಕೊಂಡಿದ್ದಳಂತೆ! ಗುಂಡವ್ವ ಹಸಿರು ಬಳೆ ಏರಿಸುತ್ತ ತಡೆಯಲಾರದೆ ಅಂದುಬಿಟ್ಟಳು: "ಗಂಡ್ ಆಗ್ಲಿ ಹೆಣ್ಣ್ ಆಗ್ಲಿ, ನಿನ್ನಂಗ ಡಾಕ್ಟರಾಗ್ಲಿ ನಮ್ಮವ್ವ."

"ಯಾರು?" ಎಂದಳು ವೈಷ್ಣವಿ.

"ಯಾರಂದ್ರ? ನಿನ್ ಹೊಟ್ಟ್ಯಾಗಿಂದು."

ವೈಷ್ಣವಿ ತನ್ನ ಹೊಟ್ಟೆ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಅಗಂ ಬಾಈ! ನನ್ ಹೊಟ್ಟ್ಯಾಗ ಪೇಢೆ ಬಿಟ್ರ ಏನೂ ಇಲ್ರಿ, ಅತ್ತಿ!"

"ಮತ್ತ ದ್ರಾಕ್ಷಿ?" ನಾನು ಕೇಳಿದೆ, ಬೆಪ್ಪಾಗಿ.

"ನಂಗ್ ಹುಳಿ ಸೇರ್ತದ್ರಿ! ಅಷ್ಟೇ!"

ಹದಿನಾರು ಜೋಡಿ ಕಣ್ಣು ನನ್ನ ಮೇಲೆ. ವಿಶ್ವನಾಥಪ್ಪ ಪೇಢೆಯ ಡಬ್ಬಿ ಕೆಳಗಿಟ್ಟು, ಟೀಪಾಯಿಯ ಮೇಲಿದ್ದ ಅರ್ಜಿಯ ಮೇಲೆ ಅಂಗೈ ಊರಿದರು.

"ಹಂಗಾರ ಈ ರಜಾ ಯಾಕ?"

ವೈಷ್ಣವಿ ಬಳೆಗೈಯಲ್ಲೇ ಎದ್ದು ನಿಂತಳು. ಬಾಯಿಪಾಠ ಮಾಡಿದ್ದೆಲ್ಲ ಮರೆತಿತ್ತು, ಜಗಳದ ಕನ್ನಡ ಮಾತ್ರ ಉಳಿದಿತ್ತು. "ಶಿವಾ ನನಕಿಂತ ಒಂದ್ ವರ್ಷ ಹಿಂದದಾನ, ಪಪ್ಪಾ. ನಾ ಹಿಂಗೇ ಮುಂದ ಹೋದ್ರ ಪಿಜಿಗಿ ನಂಗ್ ನಾಗಪುರ ಸಿಗ್ತದ, ಮರುವರ್ಷ ಅವಂಗ ಕೊಲ್ಹಾಪುರ. ಮೂರ್ ನಾಕ್ ವರ್ಷ ಮತ್ತ ಬಸ್ಸಿನಾಗೇ ಸಂಸಾರ. ಒಂದ್ ವರ್ಷ ನಿಂತ್ರ ಫೈನಲ್ ಕೂಡೇ ಆಗ್ತದ, ಪಿಜಿ ಪರೀಕ್ಷಾನೂ ಕೂಡೇ. ಇಬ್ರೂ ಒಂದೇ ಊರು ಬರೀಬಹುದು."

"ಗಂಡನ ಸಲುವಾಗಿ ಓದು ನಿಂದ್ರಸ್ತಿ?"

"ನಾ ಬ್ಯಾಡಂತಾನೇ ಹೇಳೀನ್ರಿ, ಮಾಮಾ," ಎಂದ ಶಿವಕಾಂತ ಮೂಲೆಯಿಂದ. ಯಾರೂ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ ಸಲುವಾಗಿ!" ಎಂದಳು ವೈಷ್ಣವಿ. "ಎಂಟನೇ ಇಯತ್ತೆಯಿಂದ ಓಡ್ಲತ್ತೀನಿ, ಪಪ್ಪಾ. ದಣದೀನಿ. ಅತ್ತಿ ಕೈ ರೊಟ್ಟಿ ತಿಂದು, ನನ್ ಗಂಡನ ಕೂಡ ಒಂದ್ ವರ್ಷ ಇರಬೇಕು ಅಂತ ನಂಗ್ ಅನಸ್ತದ. ಈಗ ಹತ್ ಮಿನಿಟಿನ ಹಿಂದ ಎರಡ್ ವರ್ಷ ಬೇಕಾದ್ರೂ ತೊಗೊ ಅಂದ್ರಿ. ಹುಟ್ಟಲಾರದ ಕೂಸಿಗಿ ಎರಡ್ ವರ್ಷ ಕೊಡ್ತೀರಿ, ಹುಟ್ಟಿದ ಮಗಳಿಗಿ ಒಂದ್ ಕೊಡಂಗಿಲ್ಲೇನ್ರಿ?"

ವಿಶ್ವನಾಥಪ್ಪ ಕೈಯನ್ನು ಅರ್ಜಿಯ ಮೇಲಿಂದ ತೆಗೆಯಲಿಲ್ಲ. ಸಣ್ಣ ದನಿಯಲ್ಲಿ, "ಬಿಟ್ಟವ್ರು ತಿರುಗಿ ಬರಂಗಿಲ್ಲವ್ವ. ನಂಗ್ ಅದೇ ಅಂಜಿಕಿ," ಎಂದರು.

ಆಗ ನನಗೆ ಏನಾಯಿತೋ, ನಾನು ನಡುವೆ ಬಾಯಿ ಹಾಕಿದೆ. ಇಪ್ಪತ್ತಮೂರು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು, ಹದಿನಾರು ಹೆಂಗಸರ ಮುಂದೆ ಹೊರಗೆ ಬಂತು. "ಬೀಗರ, ನಾ ಟಿಸಿಎಚ್ ಎರಡನೇ ವರ್ಷದಾಗ ಇದ್ದೆ. ಮಾಸ್ತರಣಿ ಆಗಾಕಿ. ಶಿವಕಾಂತ ಹೊಟ್ಟ್ಯಾಗಿದ್ದ. ಇಂಥದೇ ಹಸಿರು ಸೀರಿ ತಂದು ಉಡಿ ತುಂಬಿ, ಒಂದ್ ವರ್ಷ ಬಿಡವ್ವ, ಆಮ್ಯಾಲ ಹೋಗಾಕಂತಿ ಅಂದ್ರು. ಅರ್ಜಿ ಇಲ್ಲ, ಸಹಿ ಇಲ್ಲ, ನನ್ನ ಒಂದ್ ಮಾತೂ ಕೇಳಲಿಲ್ಲ. ಆ ಒಂದ್ ವರ್ಷ ಇನ್ನಾ ಮುಗದಿಲ್ರಿ."

ಗುಂಡವ್ವ ತಲೆ ತಗ್ಗಿಸಿದಳು. ಆ ಸೀರೆ ತಂದವರಲ್ಲಿ ಅವಳೂ ಒಬ್ಬಳು.

"ನನ್ನ ವರ್ಷಕ್ಕ ತಾರೀಖ್ ಇರಲಿಲ್ಲ, ಅದಕ್ಕ ಮುಗೀಲಿಲ್ಲ," ಎಂದೆ. "ಆಕಿದಕ್ಕ ತಾರೀಖ್ ಬರೀರಿ. ನಿಮ್ಮ ಕೈಲೆ ಬರೀರಿ. ಆ ದಿನ ಆಕಿನ್ನ ಕಾಲೇಜಿನ ಬಾಗಲಕ್ಕ ತಂದು ನಿಂದ್ರಸಾಕಿ ನಾನು. ಈ ಸರ್ತಿ ಮಾತು ತಪ್ಪಂಗಿಲ್ಲ."

ಅವರು ಕೈ ಎತ್ತಿದರು. ಹರಿದುಹಾಕುತ್ತಾರೆಂದೇ ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಕನ್ನಡಕ ಏರಿಸಿಕೊಂಡು, ಈ ಸಲ ಪೂರ್ತಿ ಅರ್ಜಿಯನ್ನು ಓದುತ್ತಿದ್ದರು. ಆಮೇಲೆ ಸಹಿಯ ಕೆಳಗೆ, ದೊಡ್ಡ ಬಿಡಿ ಅಕ್ಷರಗಳಲ್ಲಿ, ಯಾವ ಕಂಪೌಂಡರನೂ ತಪ್ಪಾಗಿ ಓದಲಾರದ ಹಾಗೆ, ತಿರುಗಿ ಸೇರುವ ದಿನ ಬರೆದರು: ಮುಂದಿನ ವರ್ಷ ಮಾರ್ಚ್ ಹತ್ತು.

ತಂದ ಬುತ್ತಿ ತಿನ್ನದೆ ಬಿಡುವುದುಂಟೇ? ಕುಬಸವಿಲ್ಲದ ಕುಬಸದ ಊಟ ಜೋರಾಗಿಯೇ ಆಯಿತು. ಸೀರೆ ಏನು ಮಾಡುವುದೆಂದು ಗುಂಡವ್ವ ಕೇಳಿದಳು. "ನಂದದು, ನಾ ಇಟ್ಕೋತೀನಿ," ಎಂದು ವೈಷ್ಣವಿ ಕಸಿದುಕೊಂಡಳು.

ಆ ವರ್ಷ ಅವಳು ನಮ್ಮ ಮನೆಯಲ್ಲಿದ್ದಳು. ಮೊದಲ ತಿಂಗಳು ಬರೀ ನಿದ್ದೆ. ಆಮೇಲೆ ದಿಂಡೋರಿಯ ಒಬ್ಬ ವಯಸ್ಸಾದ ಡಾಕ್ಟರರ ದವಾಖಾನೆಗೆ ಮಾವನ ಜೊತೆ ಹೋಗತೊಡಗಿದಳು. ಅಲ್ಲಿಗೆ ದ್ರಾಕ್ಷಿ ತೋಟಕ್ಕೂ ಕಟ್ಟಡದ ಕೆಲಸಕ್ಕೂ ಬಂದ ನಮ್ಮ ಕಡೆಯ ಮಂದಿ ಬರುತ್ತಾರೆ. ಮರಾಠಿ ಬಾರದೆ, ಎಲ್ಲಿ ನೋವೆಂದು ಹೇಳಲಾಗದೆ ಕೂತಿರುತ್ತಾರೆ. ವೈಷ್ಣವಿ ಅವರ ಮಾತನ್ನು ಡಾಕ್ಟರರಿಗೆ ಹೇಳುವವಳಾದಳು. ಜಗಳದ ಕನ್ನಡ ಮೆಲ್ಲಗೆ ಅಕ್ಕರೆಯ ಕನ್ನಡವಾಯಿತು. ಚನಬಸವ್ವ ಎಂಬ ಮುದುಕಿಯೊಬ್ಬಳು ಡಾಕ್ಟರರಿಗಿಂತ ಮೊದಲು ಇವಳಿಗೇ ನಾಲಿಗೆ ತೋರಿಸುತ್ತಿದ್ದಳಂತೆ. ಮನೆಯಲ್ಲಿ ಶಿವಕಾಂತನಿಗೆ ಪಾಠ ಹೇಳಿ, ತಪ್ಪಿದರೆ ಲಟ್ಟಣಿಗೆ ತೋರಿಸುತ್ತಿದ್ದಳು. ಇಷ್ಟು ನಗು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ವಿಶ್ವನಾಥಪ್ಪ ಆ ಅರ್ಜಿಯ ಝೆರಾಕ್ಸನ್ನು ಅಂಗಡಿಯ ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದರು. ಈ ವರ್ಷ ಮಾರ್ಚ್ ಹತ್ತರಂದು ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ, "ಇವತ್ತ ಅದ," ಎಂದರು. ನಾವಾಗಲೇ ಅದೇ ಟೆಂಪೋದಲ್ಲಿ ವೈಜಾಪುರ ದಾಟಿದ್ದೆವು. ಗುಂಡವ್ವ ಹಿಂದಿನ ದಿನವೇ ಬಂದಿದ್ದಳು, ಅವಳ ಹಿಂದೆ ಉಳಿದವರೂ. ಕಾಲೇಜಿನ ಗೇಟಿನಲ್ಲಿ ಹದಿನೇಳು ಹೆಂಗಸರನ್ನು ಕಂಡು ವಾಚ್‌ಮನ್ ಗಾಬರಿಯಾದ. ವೈಷ್ಣವಿ ಎಲೆಹಸಿರು ಸೀರೆಯ ಮೇಲೆ ಬಿಳಿ ಕೋಟು ಹಾಕಿದ್ದಳು. ತಂದೆಯ ಕಾಲು ಮುಟ್ಟಿ, ನನ್ನ ಕಾಲು ಮುಟ್ಟಿ, ಓಡಿದಳು. ಅರ್ಧಕ್ಕೆ ಹೋದವಳು ಹಾಗೇ ತಿರುಗಿ ಓಡಿಬಂದಳು. ಊಟದ ಡಬ್ಬಿ ಮರೆತಳೆಂದುಕೊಂಡೆ.

"ಅತ್ತಿ," ಎಂದಳು ಏದುಸಿರು ಬಿಡುತ್ತ, "ನಿಮ್ ತಾರೀಖ್ ಯಾವಾಗ್ರಿ?"

"ಹೋಗ್ ಹುಚ್ಚಿ, ಕ್ಲಾಸಿಗಿ ತಡಾ ಆಗ್ತದ," ಎಂದು ಅಟ್ಟಿದೆ. ಅವಳು ನಗುತ್ತ ಓಡಿದಳು. ಬಾಗಿಲು ದಾಟಿ ಒಳಗೆ ಹೋಗುವವರೆಗೆ ನೋಡಿದೆ. ನಮ್ಮ ಮನೆತನದಲ್ಲಿ ಓದು ಬಿಟ್ಟು ತಿರುಗಿ ಹೋದ ಮೊದಲನೇ ಹೆಣ್ಣುಮಗಳು. ಗೇಟು ಹಿಡಿದುಕೊಂಡು ಜೋರಾಗಿ ಅತ್ತೆ, ಯಾರು ನೋಡಿದರೆ ನನಗೇನು.

ವಾಪಸು ಬರುವಾಗ ಯೇವಲೆಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಎಲ್ಲರೂ ಇಳಿದ ಮೇಲೆ, ಟೆಂಪೋದಲ್ಲಿ ಒಬ್ಬಳೇ ಕೂತು, ವಿಶ್ವನಾಥಪ್ಪನವರಿಗೆ ಫೋನ್ ಮಾಡಿದೆ. "ಬೀಗರ, ನಲವತ್ತೈದು ದಾಟಿದವ್ರಿಗಿ ಎಲ್ಲ್ಯಾರ ಕಾಲೇಜಿನ ಫಾರಂ ಕೊಡ್ತಾರೇನ್ರಿ? ಸುಮ್ಮನ್ ಕೇಳಿದೆ."

ಆ ಕಡೆಯಿಂದ ಕಾಗದ ಸರಸರ ಎಂದಿತು, ಪೆನ್ನಿನ ಟೊಪ್ಪಿಗೆ ತೆಗೆದ ಸದ್ದಾಯಿತು.

"ಫಾರಂ ನಾ ಹುಡುಕ್ತೀನ್ರಿ, ಅಕ್ಕಾರ," ಎಂದರು. "ನೀವು ಮದಲ ತಾರೀಖ್ ಹೇಳ್ರಿ."